ಬಾರ್ಟೆಂಡರ್‌ನ ಕೇಳಿ: ಕಾಕ್‌ಟೇಲ್‌ಗೆ ಮನೆಯಲ್ಲೇ ಶುಗರ್ ಸಿರಪ್

ಪ್ರಶ್ನೆ (ಜಯನಗರ): ನಮಸ್ಕಾರ ಸರ್. ಶನಿವಾರ ಗೆಳೆಯರು ಬಂದರೆ ಮನೆಯಲ್ಲೇ ವಿಸ್ಕಿ ಸವರ್, ಮೊಹಿತೊ ಮಾಡುತ್ತೇನೆ. ಸಿರಪ್‌ಗೆ ಒಂದು ಲೋಟ ಸಕ್ಕರೆ, ಒಂದು ಲೋಟ ನೀರು ಹಾಕಿ ಬೆರಳಿಗೆ ಅಂಟುವ ತನಕ ಕುದಿಸುತ್ತೇನೆ. ಅಮ್ಮ ಜಾಮೂನಿಗೆ ಮಾಡುವುದು ಹಾಗೇ. ಆದರೆ ಒಂದು ಸಲ ಡ್ರಿಂಕ್ ಹುಳಿ ಹುಳಿ, ಇನ್ನೊಂದು ಸಲ ಪಾಯಸ! ಫ್ರಿಜ್‌ನಲ್ಲಿಟ್ಟರೆ ತಳದಲ್ಲಿ ಹರಳು ಕಟ್ಟುತ್ತದೆ. ಸರಿಯಾಗಿ ಎಷ್ಟು ನಿಮಿಷ ಕುದಿಸಬೇಕು?

ಉತ್ತರ: ಕುದಿಸಲೇಬೇಡಿ. ಅಮ್ಮ ಮಾಡುವುದು ಪಾಕ. ಅಲ್ಲಿ ಬೇಕಂತಲೇ ನೀರನ್ನು ಆವಿ ಮಾಡುತ್ತಾರೆ, ಎಳೆ ಬರಲಿ ಅಂತ. ನಮಗೆ ಎಳೆ ಬೇಡ, ಸಕ್ಕರೆ ಕರಗಿದರೆ ಸಾಕು. ಕುದಿಯುತ್ತಿರುವಾಗ ಒಂದು ಫೋನ್ ಬಂತು ಅಂದುಕೊಳ್ಳಿ, ಅಷ್ಟರಲ್ಲೇ ನೀರು ಇನ್ನಷ್ಟು ಹೋಗಿ ಸಿಹಿ ಬದಲಾಗಿರುತ್ತದೆ. ನಿಮ್ಮ ಡ್ರಿಂಕ್ ದಿನಕ್ಕೊಂದು ರುಚಿ ಆಗಲು ಇದೇ ಕಾರಣ.

ಎರಡನೇ ತೊಂದರೆ ಲೋಟ. 240 ಎಂಎಲ್ ಹಿಡಿಯುವ ಲೋಟದಲ್ಲಿ ನೀರು 240 ಗ್ರಾಂ ತೂಗುತ್ತದೆ, ಸಕ್ಕರೆ ಸುಮಾರು 200 ಗ್ರಾಂ ಮಾತ್ರ. ಹರಳು ದಪ್ಪ ಸಣ್ಣ ಆದರೆ ಅದೂ ಬದಲು. ಹಾಗಾಗಿ ಒಲೆ ಬಿಟ್ಟು ಒಂದು ಡಿಜಿಟಲ್ ತಕ್ಕಡಿ ತಂದುಕೊಳ್ಳಿ. ಬೇಕಿಂಗ್ ಮಾಡುವವರ ಮನೆಯಲ್ಲಿ ಹೇಗೂ ಇರುತ್ತದೆ.

250 ಗ್ರಾಂ ಸಕ್ಕರೆ, 250 ಗ್ರಾಂ ನೀರು. ಗಾಜಿನ ಬಾಟಲಿಗೆ ಹಾಕಿ, ಮುಚ್ಚಳ ಬಿಗಿ ಮಾಡಿ, ಜೋರಾಗಿ ಅಲ್ಲಾಡಿಸಿ. ನಮ್ಮ ಕಡೆಯ ಸಕ್ಕರೆ ಹರಳು ದಪ್ಪ, ಒಂದೇ ಸಲಕ್ಕೆ ಕರಗುವುದಿಲ್ಲ. ಸ್ವಲ್ಪ ಬಿಟ್ಟು ಮತ್ತೆ ಅಲ್ಲಾಡಿಸಿ. ಕಾಲು ಗಂಟೆಯೊಳಗೆ ತಿಳಿಯಾಗುತ್ತದೆ. ಅವಸರ ಇದ್ದರೆ ನೀರನ್ನು ಬಿಸಿ ಮಾಡಿ, ಒಲೆ ಆರಿಸಿ, ಆಮೇಲೆ ಸಕ್ಕರೆ ಹಾಕಿ ಕದಡಿ. ಇಷ್ಟರಿಂದ ಸುಮಾರು 400 ಎಂಎಲ್ ಸಿರಪ್ ಬರುತ್ತದೆ. 20 ಎಂಎಲ್‌ನಲ್ಲಿ ಸುಮಾರು 12 ಗ್ರಾಂ ಸಕ್ಕರೆ. ಈ ಲೆಕ್ಕ ಕೈಲಿದ್ದರೆ ಮುಂದಿನದೆಲ್ಲ ಸುಲಭ. 60 ಎಂಎಲ್ ರಮ್, 25 ಎಂಎಲ್ ನಿಂಬೆರಸ, 20 ಎಂಎಲ್ ಸಿರಪ್, ಐಸ್ ಹಾಕಿ ಶೇಕ್ ಮಾಡಿದರೆ ಡೈಕಿರಿ. ಯಾವ ಶನಿವಾರ ಮಾಡಿದರೂ ಸಿಹಿ ಅಷ್ಟೇ ಇರುತ್ತದೆ.

ಹರಳು ಕಟ್ಟಿದ ಹಳೇ ಬಾಟಲಿಯನ್ನು ನಿಂಬೆ ಪಾನಕಕ್ಕೆ ಖರ್ಚು ಮಾಡಿ. ಅದರಲ್ಲಿ ಸಿಹಿ ಎಷ್ಟಿದೆ ಅಂತ ಈಗ ಯಾರಿಗೂ ಗೊತ್ತಾಗುವುದಿಲ್ಲ.

ಪ್ರಶ್ನೆ (ಮಲ್ಲೇಶ್ವರ): ಸಿರಪ್ ಯಾಕೆ ಬೇಕು ಸರ್? ಸಕ್ಕರೆನೇ ಒಂದು ಚಮಚ ಹಾಕಿದರೆ ಆಗಲ್ವಾ?

ಉತ್ತರ: ಐಸ್ ಹಾಕಿದ ಲೋಟದಲ್ಲಿ ಸಕ್ಕರೆ ನಿಧಾನವಾಗಿ ಕರಗುತ್ತದೆ. ಆಲ್ಕೋಹಾಲ್‌ನಲ್ಲಂತೂ ಸಕ್ಕರೆ ಕರಗುವುದು ತೀರಾ ಕಡಿಮೆ. ಮೊದಲ ಗುಟುಕು ಹುಳಿ, ಕೊನೆಯ ಗುಟುಕು ಮರಳು. ಹಾಕಲೇಬೇಕು ಅಂದರೆ ಮೊದಲು ನಿಂಬೆರಸದಲ್ಲಿ ಕರಗಿಸಿ, ರಮ್ ಆಮೇಲೆ.

ಪ್ರಶ್ನೆ (ರಾಜಾಜಿನಗರ): ಬಾರ್‌ಗಳಲ್ಲಿ ಎರಡಕ್ಕೆ ಒಂದು ಅಂತ ಗಟ್ಟಿ ಸಿರಪ್ ಇಡುತ್ತಾರಲ್ಲ, ಮನೆಗೆ ಅದು ಒಳ್ಳೆಯದಾ?

ಉತ್ತರ: ಸಕ್ಕರೆ ಎರಡು ಪಾಲು, ನೀರು ಒಂದು ಪಾಲು. ಜಾಸ್ತಿ ದಿನ ಬಾಳುತ್ತದೆ, ಡ್ರಿಂಕ್ ನೀರಾಗುವುದಿಲ್ಲ, ನಾಲಿಗೆಗೆ ಸ್ವಲ್ಪ ದಪ್ಪ ಅನಿಸುತ್ತದೆ. ಓಲ್ಡ್ ಫ್ಯಾಷನ್ಡ್ ಥರ ವಿಸ್ಕಿಯೇ ಮುಖ್ಯವಾದ ಡ್ರಿಂಕ್‌ಗೆ ಚೆನ್ನ. ಇದಕ್ಕೆ ಬಿಸಿ ನೀರು ಬೇಕೇ ಬೇಕು. ಆದರೆ ಒಂದು ಎಡವಟ್ಟಿದೆ. ರೂಮಿನ ಬಿಸಿಯಲ್ಲಿ 100 ಗ್ರಾಂ ನೀರು ಹಿಡಿದಿಟ್ಟುಕೊಳ್ಳುವುದೇ ಸುಮಾರು 200 ಗ್ರಾಂ ಸಕ್ಕರೆ. ಫ್ರಿಜ್‌ನ ಚಳಿಗೆ ಅಷ್ಟೂ ಹಿಡಿಯುವುದಿಲ್ಲ. ಮಿಕ್ಕದ್ದು ಹರಳಾಗಿ ತಳ ಸೇರುತ್ತದೆ. ಜಯನಗರದವರಿಗೆ ಆಗಿದ್ದೂ ಅದೇ, ಕುದಿಸಿ ಕುದಿಸಿ ಆ ಮಿತಿ ದಾಟಿಸಿದ್ದರು. ಫ್ರಿಜ್‌ನಲ್ಲಿ ಇಡುವುದಾದರೆ 100 ಗ್ರಾಂ ನೀರಿಗೆ 175 ಗ್ರಾಂ ಸಕ್ಕರೆಗೆ ನಿಲ್ಲಿಸಿ.

ಮತ್ತೆ, ರೆಸಿಪಿಯಲ್ಲಿ ಸುಮ್ನೆ ಸಿರಪ್ 20 ಎಂಎಲ್ ಅಂತಿದ್ದರೆ ಸಾಮಾನ್ಯವಾಗಿ ಅದು ಸಮಪಾಲಿನದು. ಎರಡಕ್ಕೊಂದು ಹಾಕುವವರಿಗೆ 14 ಎಂಎಲ್ ಸಾಕು.

ಪ್ರಶ್ನೆ (ಜಯನಗರದವರೇ): ಒಂದು ವಿಡಿಯೊದಲ್ಲಿ ಥರ್ಮಾಮೀಟರ್ ಇಟ್ಟು ಇಷ್ಟೇ ಡಿಗ್ರಿ ಅಂತಿದ್ದರು. ಕೊಳ್ಳಬೇಕಾ?

ಉತ್ತರ: ಸಿರಪ್‌ಗೆ ಬೇಡ. ಪಾಕದ ಹುಚ್ಚು ಇದ್ದರೆ ಕೊಳ್ಳಿ, ಆದರೆ ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ ಅನ್ನುವುದು ನೆನಪಿರಲಿ. ಇಲ್ಲಿ ನೀರು 97 ಡಿಗ್ರಿ ಹತ್ತಿರವೇ ಕುದಿಯುತ್ತದೆ. ಮಂಗಳೂರಿನಲ್ಲೋ ಮುಂಬೈನಲ್ಲೋ ಬರೆದ ಡಿಗ್ರಿಯಲ್ಲಿ ಮೂರು ಕಳೆಯಬೇಕು. ಇಲ್ಲದಿದ್ದರೆ ಪಾಕ ಗಟ್ಟಿ.

ಪ್ರಶ್ನೆ (ವಿಜಯನಗರ): ನನ್ನ ಸಿರಪ್ ಹಳದಿ ಬರುತ್ತದೆ, ಮೇಲೆ ನೊರೆ ಬೇರೆ. ಅತ್ತೆ ಒಂದು ಚಮಚ ಹಾಲು ಹಾಕಿ ಕೊಳೆ ತೆಗಿ ಅಂದರು.

ಉತ್ತರ: ಅತ್ತೆ ಹೇಳಿದ್ದು ಸಿಹಿತಿಂಡಿಗೆ ಸರಿ ಮೇಡಂ. ಕಾಕ್‌ಟೇಲ್‌ಗೆ ಮಾತ್ರ ಬೇಡ. ಎಷ್ಟು ಸೋಸಿದರೂ ಹಾಲು ಒಂಚೂರು ಉಳಿದರೆ ನಿಂಬೆರಸ ಬಿದ್ದಾಗ ಒಡೆಯಬಹುದು. ನಮ್ಮಲ್ಲಿ ಹೆಚ್ಚಿನ ಕಾರ್ಖಾನೆಗಳು ಕಬ್ಬಿನ ರಸವನ್ನು ಗಂಧಕದ ಹೊಗೆಯಿಂದ ಶುದ್ಧ ಮಾಡುತ್ತವೆ, ಆ ಸಕ್ಕರೆಗೆ ತಿಳಿ ಹಳದಿ ಇರುತ್ತದೆ. ಪ್ಯಾಕೆಟ್ ಮೇಲೆ ಸಲ್ಫರ್‌ಲೆಸ್ ಅಥವಾ ರಿಫೈನ್ಡ್ ಅಂತ ಬರೆದಿರುವುದು ತಂದರೆ ಸಿರಪ್ ನೀರಿನ ಹಾಗೆ ತಿಳಿ. ವಿಸ್ಕಿಗೆ ಹಾಕುವುದಾದರೆ ಆ ಬಣ್ಣ ಯಾರಿಗೂ ಕಾಣುವುದಿಲ್ಲ, ತಲೆ ಕೆಡಿಸಿಕೊಳ್ಳಬೇಡಿ. ಮನೆಗೆ ಬೋರ್‌ವೆಲ್ ನೀರು ಬರುತ್ತಿದ್ದರೆ ಮಾತ್ರ ಫಿಲ್ಟರ್ ನೀರನ್ನೇ ಬಳಸಿ.

ಪ್ರಶ್ನೆ (ಬಸವನಗುಡಿ): ಬೆಲ್ಲದಲ್ಲಿ ಮಾಡಬಹುದಾ ಗುರುಗಳೇ? ಶುಂಠಿದೂ ಹೇಳಿ.

ಉತ್ತರ: ಇದು ನನಗೆ ತುಂಬಾ ಇಷ್ಟದ ವಿಷಯ. ಗಾಂಧಿ ಬಜಾರ್ ಪಕ್ಕದಲ್ಲೇ ಇದೆಯಲ್ಲ ನಿಮಗೆ, ಮಂಡ್ಯ ಕಡೆಯ ಕಪ್ಪು ಬೆಲ್ಲ ಸಿಕ್ಕರೆ ತನ್ನಿ. ಫಳಫಳ ಹಳದಿ ಹೊಳೆಯುವ ಅಚ್ಚು ಬೇಡ. ಆ ಬಣ್ಣಕ್ಕೆ ಬಹಳ ಸಲ ಹೈಡ್ರೋಸ್ ಅನ್ನುವ ರಾಸಾಯನಿಕ ಕಾರಣ, ರುಚಿಯೂ ಅಷ್ಟಕ್ಕಷ್ಟೇ. ಬೆಲ್ಲ ಪುಡಿ ಮಾಡಿ, ಸಮತೂಕ ಬಿಸಿ ನೀರಲ್ಲಿ ಕರಗಿಸಿ, ತೆಳು ಬಟ್ಟೆಯಲ್ಲಿ ಸೋಸಿ. ತಳದಲ್ಲಿ ಮಣ್ಣು, ಕಬ್ಬಿನ ನಾರು ಸಿಕ್ಕೇ ಸಿಗುತ್ತದೆ. ಡಾರ್ಕ್ ರಮ್, ನಿಂಬೆ, ಬೆಲ್ಲದ ಸಿರಪ್, ಇದರ ಮುಂದೆ ಬೇರೇನೂ ಬೇಡ. ರಮ್, ಬೆಲ್ಲ ಎರಡೂ ಕಬ್ಬಿನ ಮನೆಯವೇ, ಹೊಂದದೆ ಇರುತ್ತಾ? ಜಿನ್‌ಗೆ ಮಾತ್ರ ಹಾಕಬೇಡಿ, ಬೆಲ್ಲದ ಉಪ್ಪುರುಚಿ ಜಿನ್‌ನ ಪರಿಮಳವನ್ನು ನುಂಗುತ್ತದೆ. ಒಂದು ವಾರದೊಳಗೆ ಮುಗಿಸಿ.

ಶುಂಠಿ ತುರಿದು ಹಿಂಡಿ. ರಸವನ್ನು ಹತ್ತು ನಿಮಿಷ ಅಲ್ಲಾಡಿಸದೆ ಇಟ್ಟರೆ ತಳದಲ್ಲಿ ಬಿಳಿ ಹಿಟ್ಟು ಕೂರುತ್ತದೆ. ಮೇಲಿನ ರಸ ಮಾತ್ರ ಬಗ್ಗಿಸಿಕೊಂಡು, ಅದೇ ತೂಕದ ಸಕ್ಕರೆ ಹಾಕಿ. ಕಾಯಿಸಬೇಡಿ, ಹಸಿ ಖಾರ ಹೋಗುತ್ತದೆ.

ಪ್ರಶ್ನೆ (ಹೆಬ್ಬಾಳ): ಎಷ್ಟು ದಿನ ಇಡಬಹುದು? ವೋಡ್ಕಾ ಹಾಕಿದರೆ ಕೆಡಲ್ವಂತೆ?

ಉತ್ತರ: ಸಮಪಾಲಿನದು ಫ್ರಿಜ್‌ನಲ್ಲಿ ಮೂರು ವಾರ ಇರುತ್ತದೆ. ಗಟ್ಟಿ ಸಿರಪ್ ಒಂದೆರಡು ತಿಂಗಳು. ಬಾಟಲಿಯನ್ನು ಮೊದಲು ಕುದಿಯುವ ನೀರಲ್ಲಿ ತೊಳೆದು ಒಣಗಿಸಿ, ಒಳಗೆ ಚಮಚ ಅದ್ದಬೇಡಿ, ಬಗ್ಗಿಸಿಕೊಳ್ಳಿ. 400 ಎಂಎಲ್‌ಗೆ 30 ಎಂಎಲ್ ವೋಡ್ಕಾ ಹಾಕಿದರೆ ಇನ್ನೂ ಸ್ವಲ್ಪ ದಿನ ತಳ್ಳಬಹುದು, ಆದರೆ ಮನೆಯಲ್ಲಿ ಮಕ್ಕಳು ಅದೇ ಬಾಟಲಿಯಿಂದ ಪಾನಕ ಮಾಡಿಕೊಳ್ಳುವವರಾದರೆ ಆ ಕೆಲಸ ಮಾಡಬೇಡಿ. ಮಬ್ಬಾಯಿತು, ಎಳೆ ಎಳೆ ತೇಲಿತು, ಹುಳಿ ವಾಸನೆ ಬಂತು ಅಂದರೆ ಸಿಂಕ್‌ಗೆ. ಸೋಸಿ ಬಳಸುವ ಯೋಚನೆ ಬೇಡ.

ಪ್ರಶ್ನೆ (ಯಶವಂತಪುರ): ಅಂಗಡಿಯ ನನ್ನಾರಿ ಶರಬತ್ತನ್ನೇ ಸಿರಪ್ ಥರ ಹಾಕಬಹುದಾ?

ಉತ್ತರ: ಧಾರಾಳವಾಗಿ. ಜಿನ್, ನಿಂಬೆ, ಸೋಡಾ ಜೊತೆ ಸೊಗಸಾಗಿರುತ್ತದೆ. ಲೇಬಲ್ ಓದಿ, ಸಿಟ್ರಿಕ್ ಆಸಿಡ್ ಇದ್ದರೆ ನಿಂಬೆ ಕಡಿಮೆ ಮಾಡಿ. ಸಾಮಾನ್ಯವಾಗಿ ಗಟ್ಟಿ ಸಿರಪ್‌ನಷ್ಟೇ ಸಿಹಿ ಇರುತ್ತದೆ, 10 ಎಂಎಲ್‌ನಿಂದ ಶುರು ಮಾಡಿ ರುಚಿ ನೋಡಿಕೊಂಡು ಏರಿಸಿ.