ಕರೆಂಟ್ ಬಂದ ಕೂಡಲೇ ಕಸಾಂಡ್ರದಲ್ಲಿ ರೈಟ್ ಟೈಮ್‌ಔಟ್: ನೋಡ್ ಹೆಚ್ಚಿಸಬೇಕೇ?

ಪ್ರಶ್ನೆ (ಮಡಿಕೇರಿಯಿಂದ)

ಕಾಫಿ ತೋಟಗಳ ಮಳೆಮಾಪಕಗಳಿಂದ 5 ನಿಮಿಷಕ್ಕೊಂದು ರೀಡಿಂಗ್ ಬರುತ್ತದೆ. ಇಡುವುದು ಕಸಾಂಡ್ರ ಡೇಟಾಬೇಸ್‌ನಲ್ಲಿ: 6 ನೋಡ್ (ಸರ್ವರ್), ರೆಪ್ಲಿಕೇಶನ್ 3 (ಪ್ರತಿ ಸಾಲೂ ಮೂರು ನೋಡ್‌ಗಳಲ್ಲಿ). ಪಾರ್ಟಿಶನ್ ಕೀ (ಯಾವ ಸಾಲುಗಳು ಒಂದೇ ಗುಂಪಾಗಿ ಒಟ್ಟಿಗೆ ಕೂರಬೇಕೆಂದು ಹೇಳುವುದು) ಮಾಪಕದ ಐಡಿ ಮತ್ತು ದಿನಾಂಕ. ಮಾಮೂಲಿ ದಿನ ತೊಂದರೆಯಿಲ್ಲ. ಮಳೆಗಾಲದಲ್ಲಿ ಭಾಗಮಂಡಲ, ನಾಪೋಕ್ಲು ಕಡೆ ಕರೆಂಟೂ ನೆಟ್‌ವರ್ಕೂ ಹೋದರೆ ಗೇಟ್‌ವೇಗಳಲ್ಲಿ (ಮಾಪಕಗಳ ಡೇಟಾ ಸೇರಿಸಿ ಕಳಿಸುವ ಪೆಟ್ಟಿಗೆ) ಎರಡು ಮೂರು ದಿನದ ಡೇಟಾ ಕೂತಿರುತ್ತದೆ, ಲೈನ್ ಬಂದಾಗ ಒಟ್ಟಿಗೇ ನುಗ್ಗುತ್ತದೆ. ಬಂದ ಕ್ರಮದಲ್ಲೇ 500 ಸಾಲಿನ ಲಾಗ್ಡ್ ಬ್ಯಾಚ್ (ಎಲ್ಲ ಸಾಲೂ ಬರೆದಾಗುವ ಖಾತರಿಯಿರುವ ಕಂತು) ಕಟ್ಟಿ ಬರೆಯುತ್ತೇವೆ. ಮೊದಲು 'ಬ್ಯಾಚ್ ಟೂ ಲಾರ್ಜ್' ಬರುತ್ತಿತ್ತು. ಬ್ಯಾಚ್ ಗಾತ್ರದ ಮಿತಿ ಏರಿಸಿದ ಮೇಲೆ ರೈಟ್ ಟೈಮ್‌ಔಟ್. ರೀಟ್ರೈ ಹಾಕಿದರೆ ಇನ್ನೂ ಜಾಸ್ತಿ. ದಿನದ ಒಟ್ಟು ಮಳೆ ಬೇರೆ ಕೌಂಟರ್ ಟೇಬಲ್‌ನಲ್ಲಿದೆ (ರೀಡಿಂಗ್ ಬಂದಂತೆಲ್ಲ ಇರುವ ಮೊತ್ತಕ್ಕೆ ಕೂಡುತ್ತಾ ಹೋಗುವುದು).

ಉತ್ತರ (ವಿರಾಜಪೇಟೆಯಿಂದ)

ನೋಡ್ ಹೆಚ್ಚಿಸಬೇಡಿ ಸರ್, ಮೊದಲು ಆ ಮಿತಿಯನ್ನು ಡೀಫಾಲ್ಟ್ 50 ಕೆಬಿಗೇ ವಾಪಸ್ ತನ್ನಿ. ಸಾಲಿಗೆ 120 ಬೈಟ್ ಹಿಡಿದರೂ 500 ಸಾಲು 60 ಕೆಬಿ ಆಗುತ್ತದೆ, ಆ ಎರರ್ ಸರಿಯಾಗಿಯೇ ತಡೆದಿತ್ತು.

ಕಸಾಂಡ್ರದಲ್ಲಿ ಬ್ಯಾಚ್ ಇರುವುದು ವೇಗಕ್ಕಲ್ಲ. ಹತ್ತಾರು ಮಾಪಕಗಳ ಸಾಲು ಒಂದೇ ಬ್ಯಾಚ್‌ನಲ್ಲಿದ್ದರೆ ಅದನ್ನು ಹಿಡಿದ ಕೋಆರ್ಡಿನೇಟರ್ ನೋಡ್ ಎಲ್ಲಾ ಪಾರ್ಟಿಶನ್‌ಗಳಿಗೂ ಹಂಚಿ, ಎಲ್ಲರ ಉತ್ತರಕ್ಕೂ ಕಾಯಬೇಕು. ಲಾಗ್ಡ್ ಆದರೆ ಅದಕ್ಕೂ ಮೊದಲು ಇಡೀ ಬ್ಯಾಚನ್ನು ಇನ್ನೆರಡು ನೋಡ್‌ಗಳ ಬ್ಯಾಚ್‌ಲಾಗ್‌ಗೆ ಬರೆಯಬೇಕು. ರೈಟ್ ಟೈಮ್‌ಔಟ್ ಡೀಫಾಲ್ಟ್ 2 ಸೆಕೆಂಡ್, ಅಷ್ಟರಲ್ಲಿ ಮುಗಿಯುವುದು ಕಷ್ಟ.

ಮಾಪಕ ಮತ್ತು ದಿನಾಂಕದ ಪ್ರಕಾರ ಸಾಲುಗಳನ್ನು ಮೊದಲು ವಿಂಗಡಿಸಿ. ಒಂದೇ ಪಾರ್ಟಿಶನ್‌ನ 50 ಸಾಲಿಗೊಂದು ಅನ್‌ಲಾಗ್ಡ್ ಬ್ಯಾಚ್ ಮಾಡಿ, ಅದು ಒಳಗೆ ಒಂದೇ ರೈಟ್ ಆಗಿ ಹೋಗುತ್ತದೆ. ಡ್ರೈವರ್‌ನಲ್ಲಿ (ನಿಮ್ಮ ಪ್ರೋಗ್ರಾಂ ಕಸಾಂಡ್ರ ಜೊತೆ ಮಾತಾಡುವ ಲೈಬ್ರರಿ) ಟೋಕನ್ ಅವೇರ್ ಪಾಲಿಸಿ ಇದ್ದರೆ ನೇರ ರೆಪ್ಲಿಕಾಕ್ಕೇ, ಅಂದರೆ ಆ ಸಾಲುಗಳನ್ನು ಇಡುವ ನೋಡ್‌ಗೇ, ತಲುಪುತ್ತದೆ. ಅಸಿಂಕ್ ಆಗಿ (ಒಂದರ ಉತ್ತರಕ್ಕೆ ಕಾಯದೆ ಮುಂದಿನದನ್ನು) ಕಳಿಸಿ, ಆದರೆ ಏಕಕಾಲಕ್ಕೆ ಬಾಕಿಯಿರುವ ರೈಟ್‌ಗಳ ಸಂಖ್ಯೆಗೆ ಸೆಮಾಫೋರ್‌ನಿಂದ ಮಿತಿ ಹಾಕಿ. 32ರಿಂದ ಶುರು ಮಾಡಿ. ನೋಡ್‌ಟೂಲ್ ಟಿಪಿಸ್ಟ್ಯಾಟ್ಸ್‌ ಕಮಾಂಡ್‌ನಲ್ಲಿ ಮ್ಯುಟೇಶನ್ (ರೈಟ್) ಪೆಂಡಿಂಗ್ ಏರುತ್ತಲೇ ಇದ್ದರೆ ಅಥವಾ ಡ್ರಾಪ್ಡ್ ಕಂಡರೆ ಇಳಿಸಿ. ಕಂಪ್ಯಾಕ್ಷನ್‌ಸ್ಟ್ಯಾಟ್ಸ್ ತೋರಿಸುವ ಕಂಪ್ಯಾಕ್ಷನ್ (ಡಿಸ್ಕ್‌ನ ಫೈಲ್‌ಗಳನ್ನು ಒಗ್ಗೂಡಿಸುವ ಕೆಲಸ) ಬಾಕಿ ಗಂಟೆಗಟ್ಟಲೆ ಕರಗದಿದ್ದರೆ ಮಾತ್ರ ಡಿಸ್ಕ್ ಅಥವಾ ನೋಡ್ ವಿಚಾರ ಮಾಡಿ.

ಉತ್ತರ (ಕುಶಾಲನಗರದಿಂದ)

ಗೇಟ್‌ವೇ ಕಡೆಯೂ ಸರಿಮಾಡಿ: ಲೈನ್ ಬಂದ ಮೇಲೆ ಹಳೇ ಡೇಟಾ ಕಳಿಸುವ ಮೊದಲು ಪ್ರತಿಯೊಂದೂ 0ರಿಂದ 15 ನಿಮಿಷ ರ‍್ಯಾಂಡಮ್ ಆಗಿ ಕಾಯಲಿ, ಹೊಸ ರೀಡಿಂಗ್ ಮೊದಲು ಹೋಗಲಿ. ಬ್ಯಾಟರಿ ವೋಲ್ಟೇಜ್ ಬರದ ಸಾಲಿಗೆ ನಲ್ (ಖಾಲಿ ಬೆಲೆ) ಬರೆಯಬೇಡಿ, ಪ್ರತಿ ನಲ್‌ಗೂ ಒಂದು ಟೂಂಬ್‌ಸ್ಟೋನ್ (ಅಳಿಸಿದ್ದರ ಗುರುತು) ಹುಟ್ಟುತ್ತದೆ. ಆ ಕಾಲಂ ಅನ್‌ಸೆಟ್ ಬಿಡಿ, ಅಂದರೆ ಅದಕ್ಕೆ ಏನನ್ನೂ ಬರೆಯಬೇಡಿ.

ಉತ್ತರ (ಸೋಮವಾರಪೇಟೆಯಿಂದ)

ನನಗೆ ನಿಜಕ್ಕೂ ಭಯವಿರುವುದು ಆ ಕೌಂಟರ್ ಬಗ್ಗೆ. ಟೈಮ್‌ಔಟ್ ಅಂದರೆ ರೈಟ್ ಆಗಿಲ್ಲ ಅಂತಲ್ಲ, ಸಮಯಕ್ಕೆ ಉತ್ತರ ಬರಲಿಲ್ಲ ಅಂತ ಅಷ್ಟೇ. ರೀಡಿಂಗ್ ಟೇಬಲ್‌ನಲ್ಲಿ ರೀಟ್ರೈ ಮಾಡಿದರೆ ಅದೇ ಕೀ ಮೇಲೆ ಅದೇ ಬೆಲೆ ಕೂರುತ್ತದೆ, ನಷ್ಟವಿಲ್ಲ. ಕೌಂಟರ್‌ನಲ್ಲಿ ರೀಟ್ರೈ ಮಾಡಿದರೆ ಮಳೆ ಎರಡು ಸಲ ಕೂಡಿಕೊಳ್ಳಬಹುದು. ಮಾರ್ಚ್‌ನಲ್ಲಿ ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಸಾಲದಿದ್ದರೆ ರೊಬಸ್ಟಾಕ್ಕೆ ಸ್ಪ್ರಿಂಕ್ಲರ್ ಹಾಕಬೇಕೋ ಬೇಡವೋ ಅಂತ ತೋಟದವರು ನೋಡುವುದು ಇದೇ ಒಟ್ಟನ್ನು. ಅರ್ಧ ಇಂಚು ಬಿದ್ದದ್ದು ಒಂದು ಇಂಚು ಅಂತ ತೋರಿಸಿದರೆ ಅವರು ನೀರೇ ಹಾಯಿಸುವುದಿಲ್ಲ.

ಕೌಂಟರ್ ಟೇಬಲ್ ತೆಗೆದುಬಿಡಿ. ಒಂದು ಮಾಪಕಕ್ಕೆ ದಿನಕ್ಕೆ 288 ಸಾಲು, ಅವೆಲ್ಲ ಒಂದೇ ಪಾರ್ಟಿಶನ್‌ನಲ್ಲಿವೆ. ಓದುವಾಗಲೇ ಸಮ್ ಹಾಕಿದರೆ ಸಾಕು. ಈಗಾಗಲೇ ಕೂಡಿರುವ ಹಳೇ ಒಟ್ಟುಗಳನ್ನೂ ರೀಡಿಂಗ್‌ಗಳಿಂದ ಲೆಕ್ಕ ಹಾಕಿ ತಾಳೆ ನೋಡಿ, ಕರೆಂಟ್ ಹೋಗಿದ್ದ ದಿನಗಳಿಂದ ಶುರು ಮಾಡಿ.