ಸಹಾಯ ಬೇಕು: ಟಿವಿ ಪರದೆಯಿಂದ ತೆಗೆದ ಈ ಚಿತ್ರಗಳು ಅಪೊಲೊ 15ರವೋ, 16ರವೋ?

ತಂದೆಯವರು ನ್ಯೂಜೆರ್ಸಿಯಲ್ಲಿ ಉದ್ಯೋಗದಲ್ಲಿದ್ದಾಗ, ಬಾಲಕನಾಗಿದ್ದ ನಾನು ಟಿವಿಯ ಮುಂದೆ ಚಕ್ಕಳಮಕ್ಕಳ ಹಾಕಿ ಕುಳಿತು ತೆಗೆದ, ಚಂದ್ರನ ಮೇಲಿನ ನೇರಪ್ರಸಾರದ ಕಪ್ಪು-ಬಿಳುಪು ನೆಗೆಟಿವ್‌ಗಳು ಈಗ ಹಳೆಯ ಟ್ರಂಕಿನಲ್ಲಿ ಸಿಕ್ಕಿವೆ. ಶಟರ್ ವೇಗ ಹೆಚ್ಚಾಗಿದ್ದರಿಂದ ಹಲವು ಚಿತ್ರಗಳಿಗೆ ಅಡ್ಡಲಾಗಿ ಕಪ್ಪು ಪಟ್ಟಿ ಬಿದ್ದಿದೆ (ಫಿಲ್ಮ್ ಹಾಳು ಮಾಡಿದೆನೆಂದು ಆಗ ಬೈಗುಳವೂ ಬಿದ್ದಿತ್ತು).

ರೋವರ್ (ಚಂದ್ರನ ಮೇಲೆ ಓಡಾಡುವ ವಾಹನ) ಕಾಣುವುದರಿಂದ ಇವು 1971ರ ಅಪೊಲೊ 15ಕ್ಕಿಂತ ಹಿಂದಿನವಲ್ಲ. ನೌಕೆ ಚಂದ್ರನಿಂದ ಮೇಲೇಳುವ ಚಿತ್ರಗಳ ಪೈಕಿ ಕೊನೆಯದರಲ್ಲಿ ನೌಕೆಯ ಕೆಳಭಾಗ ಮಾತ್ರ ಉಳಿದಿದೆ. ಅಪೊಲೊ 17ರಲ್ಲಾದರೆ ಕ್ಯಾಮೆರಾವೇ ನೌಕೆಯನ್ನು ಹಿಂಬಾಲಿಸಿ ಮೇಲೆ ತಿರುಗಿತ್ತು, ಹಾಗಾಗಿ ಇವು ಅದರವಲ್ಲ. 15 ಎಂದೇ ನನ್ನ ಅಂದಾಜು, ಆದರೆ ಅಂದು ರಾತ್ರಿಯೂಟ ಮುಗಿದಿತ್ತೆಂದು ಅಕ್ಕ ಹಟ ಹಿಡಿದಿದ್ದಾಳೆ. 15 ಚಂದ್ರನಿಂದ ಹೊರಟಾಗ ನ್ಯೂಜೆರ್ಸಿಯಲ್ಲಿ ಮಧ್ಯಾಹ್ನ, 16 ಹೊರಟಾಗ ರಾತ್ರಿ ಎಂಟೂವರೆಯ ಹೊತ್ತು.

ಹಿನ್ನೆಲೆಯ ಬೆಟ್ಟಗಳ ಆಕಾರವನ್ನು ನೋಡಿ ಇವೆರಡರಲ್ಲಿ ಯಾವುದೆಂದು ಗುರುತಿಸುವುದು ಹೇಗೆ?