ಫಸ್ಟ್ ಟೈಮ್ ಸ್ಕಾಟಿಷ್ ಕೇಲಿ ಡ್ಯಾನ್ಸ್‌ಗೆ ಹೋಗ್ತಿದೀನಿ, ಏನೇನು ಗೊತ್ತಿರ್ಬೇಕು?

ಬಸವನಗುಡಿ_ಹುಡ್ಗಿ:
ನವೆಂಬರ್ 30 ಸ್ಕಾಟ್‌ಲೆಂಡ್‌ನವರ ಸೇಂಟ್ ಆಂಡ್ರ್ಯೂಸ್ ಡೇ ಅಂತ ಆಫೀಸ್ ಫ್ರೆಂಡ್ಸು ಇಂದಿರಾನಗರದಲ್ಲಿ ಕೇಲಿ (ಎಲ್ರೂ ಸೇರಿ ಕುಣಿಯೋ ಸ್ಕಾಟಿಷ್ ಕೂಟ) ಇಟ್ಕೊಂಡಿದಾರೆ, ನನ್ನನ್ನೂ ಕರ್ದಿದಾರೆ. ತುಂಬಾ ಆಸೆ ಇದೆ ಆದ್ರೆ ಒಂದು ಸ್ಟೆಪ್ಪೂ ಬರಲ್ಲ, ಪಾರ್ಟ್ನರ್ ಬೇರೆ ಇಲ್ಲ. ಸೀರೆ ಉಟ್ಕೊಂಡು ಹೋಗ್ಬಹುದಾ?

ಮಲ್ಲೇಶ್ವರದವ:
ಧೈರ್ಯವಾಗಿ ಹೋಗಿ. ಕಾಲರ್ ಅಂತ ಒಬ್ರು ಇರ್ತಾರೆ, ಮೊದ್ಲು ಮ್ಯೂಸಿಕ್ ಇಲ್ದೆ ನಡೆಸಿ ತೋರಿಸ್ತಾರೆ, ಆಮೇಲೆ ಕುಣಿಯುವಾಗ್ಲೂ ಕೂಗಿ ಹೇಳ್ತಾನೇ ಇರ್ತಾರೆ. ಬಹಳ ಕಡೆ ಗೇ ಗೋರ್ಡನ್ಸ್ ಅನ್ನೋ ಡ್ಯಾನ್ಸ್‌ನಿಂದ ಶುರು: ಜೋಡಿಯಾಗಿ ನಾಲ್ಕು ಹೆಜ್ಜೆ ಮುಂದೆ, ಕೈ ಬಿಡದೆ ತಿರುಗಿ ಅದೇ ದಿಕ್ಕಿಗೆ ನಾಲ್ಕು ಹೆಜ್ಜೆ ಹಿಮ್ಮುಖವಾಗಿ, ಇದನ್ನೇ ಮತ್ತೆ ವಾಪಸ್ ದಿಕ್ಕಿಗೆ, ಆಮೇಲೆ ಎತ್ತಿದ ಕೈ ಕೆಳಗೆ ಸುತ್ತೋದು, ಕೊನೆಗೆ ಪೋಲ್ಕಾ, ಅಂದ್ರೆ ಜೋಡಿಯಾಗಿ ಕುಪ್ಪಳಿಸ್ತಾ ಸುತ್ತೋದು. ಪಾರ್ಟ್ನರ್ ಇಲ್ದಿದ್ರೆ ಡ್ಯಾಷಿಂಗ್ ವೈಟ್ ಸಾರ್ಜೆಂಟ್ ಅನ್ನೋ ಡ್ಯಾನ್ಸ್‌ಗೆ ನಿಂತ್ಕೊಳ್ಳಿ, ಅದ್ರಲ್ಲಿ ಮೂರು ಜನ ಮೂರು ಜನಕ್ಕೆ ಎದುರು, ಪ್ರತಿ ರೌಂಡಿಗೂ ಹೊಸ ಮೂವರು ಸಿಗ್ತಾರೆ.

ಕೋಲಾಟ_ಪ್ರಿಯೆ:
ಸೀರೆ ಬೇಡಮ್ಮಾ, ಗಾಜಿನ ಬಳೆನೂ ಬೇಡ. ಸ್ಟ್ರಿಪ್ ದ ವಿಲ್ಲೋ ಅನ್ನೋ ಡ್ಯಾನ್ಸಲ್ಲಿ ಒಬ್ರ ತೋಳಿಗೆ ಇನ್ನೊಬ್ರು ತೋಳು ಹಾಕಿ ಗಿರ್ರಂತ ತಿರುಗ್ತಾ ಸಾಲಿನುದ್ದಕ್ಕೂ ಹೋಗ್ಬೇಕು, ಮುಂಗೈ ಹಿಡಿದ್ರೆ ಜಾರತ್ತೆ, ಮೊಣಕೈ ಹತ್ರ ಗಟ್ಟಿಯಾಗಿ ಹಿಡ್ಕೊಳ್ಳಿ. ಚೂಡಿದಾರ್, ಫ್ಲಾಟ್ ಶೂ, ನೀರಿನ ಬಾಟ್ಲಿ. ನಮ್ ಕೋಲಾಟ ಆಡಿದ್ರೆ ಜೋಡಿ ಬದಲಾಯಿಸೋದು ಬೇಗ ಹತ್ತತ್ತೆ.

ಜಯನಗರ_4ನೇ_ಬ್ಲಾಕ್:
ಇಷ್ಟ ಆದ್ರೆ ಸ್ಕಾಟಿಷ್ ಕಂಟ್ರಿ ಡ್ಯಾನ್ಸೂ ಕಲೀರಿ, ಅದಕ್ಕಂತ 1923ರಲ್ಲೇ ಗ್ಲಾಸ್ಗೋದಲ್ಲಿ ಸೊಸೈಟಿ ಶುರುವಾಗಿದೆ. ಆ ಡ್ಯಾನ್ಸಲ್ಲಿ ಕಾಲಿನ ಕೆಲಸ ಜಾಸ್ತಿ, ರೀಲು, ಜಿಗ್ಗು ಅನ್ನೋ ಬಗೆಗಳು ಸ್ಪೀಡು, ಆದ್ರೆ ನಿಧಾನದ ಸ್ಟ್ರಾತ್‌ಸ್ಪೇ ಅನ್ನೋ ಬಗೆನೇ ನಂಗೆ ಎಲ್ಲಕ್ಕಿಂತ ಚೆಂದ.